ಪಾಬ್ಲೊ ಕಸಾಲ್ಸ್

ಪಾಬ್ಲೊ ಕಸಾಲ್ಸ್ (ಜನನ: 29 ಡಿಸೆಂಬರ್ 1876, ಎಲ್ ವೆಂಡ್ರೆಲ್, ಕ್ಯಾಟಲೋನಿಯ, ಮರಣ: 22 ಅಕ್ಟೋಬರ್ 1973, ಸಾನ್ ಹ್ವಾನ್, ಪೋರ್ಟೊ ರಿಕೊ) ಸ್ಪೇನ್ ದೇಶದ ಕ್ಯಾಟಲೋನಿಯ ಪ್ರಾಂತ್ಯದ ಚೆಲ್ಲೊ ವಾದಕ, ವಾದ್ಯವೃಂದ ನಿರ್ದೇಶಕ ಮತ್ತು ಸಂಗೀತ ರಚನಕಾರ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದ ಅತ್ಯಂತ ಪ್ರಮುಖ ಚೆಲ್ಲೊ ವಾದಕರೆಂದು ಅವರನ್ನು ಪರಿಗಣಿಸಲಾಗುತ್ತದೆ. ಮಾತೃಭಾಷೆಯಾದ ಕ್ಯಾಟಲನ್‌ನಲ್ಲಿ ಅವರ ಹೆಸರು ಪಾವ್ ಕಸಾಲ್ಸ್. ಆ ಭಾಷೆಯಲ್ಲಿ 'ಪಾವ್' ಎಂಬ ಪದಕ್ಕೆ 'ಶಾಂತಿ' ಎಂಬ ಅರ್ಥವೂ ಇದೆ.

ಯೊಹಾನ್ ಸೆಬಾಸ್ಟಿಯನ್ ಬಾಖ್ ಅವರು ಒಂಟಿ ಚೆಲ್ಲೊಗಾಗಿ ರಚಿಸಿದ ಆರು ಸ್ವೀಟ್‌ಗಳನ್ನು (ನೃತ್ಯಮೂಲದ ಭಾಗಗಳ ಮಾಲಿಕೆಗಳನ್ನು) ಕಚೇರಿಯ ವೇದಿಕೆಗೆ ತಂದವರು ಹಾಗೂ ಅವೆಲ್ಲವನ್ನೂ ಮೊದಲ ಬಾರಿಗೆ ಸಂಪೂರ್ಣವಾಗಿ ಧ್ವನಿಮುದ್ರಿಸಿದವರು ಕಸಾಲ್ಸ್. ಸ್ಪೇನ್‌ನಲ್ಲಿ ಜನರಲ್ ಫ್ರಾನ್ಸಿಸ್ಕೊ ಫ್ರಾಂಕೊನ ಸರ್ವಾಧಿಕಾರ ಸ್ಥಾಪನೆಯಾದ ಮೇಲೆ ಅವರು ದೇಶಭ್ರಷ್ಟರಾಗಿ ಬದುಕಿದರು. ಆ ಆಡಳಿತಕ್ಕೆ ಮಾನ್ಯತೆ ನೀಡಿದ ರಾಷ್ಟ್ರಗಳಲ್ಲಿ ವಾದ್ಯ ನುಡಿಸಲು ನಿರಾಕರಿಸಿ, ವೃತ್ತಿಜೀವನದ ಉನ್ನತ ಹಂತದಲ್ಲಿಯೇ ಕಚೇರಿಗಳನ್ನು ನಿಲ್ಲಿಸಿದರು.

ಜನನ ಮತ್ತು ಬಾಲ್ಯ

ಕಸಾಲ್ಸ್ ಹುಟ್ಟಿದ ಎಲ್ ವೆಂಡ್ರೆಲ್ ಬಾರ್ಸೆಲೋನಾ ನಗರದ ನೈರುತ್ಯಕ್ಕೆ, ಮೆಡಿಟರೇನಿಯನ್ ಸಮುದ್ರತೀರಕ್ಕೆ ಸಮೀಪದಲ್ಲಿರುವ ಊರು. ತಂದೆ ಕಾರ್ಲೆಸ್ ಕಸಾಲ್ಸ್ ಊರಿನ ಚರ್ಚಿನಲ್ಲಿ ಆರ್ಗನ್ ವಾದಕರೂ ಗಾಯನವೃಂದದ ನಾಯಕರೂ ಆಗಿದ್ದರು. ತಾಯಿ ಪಿಲಾರ್ ದೆಫಿಲ್ಯೊ ಕ್ಯಾಟಲನ್ ಮೂಲದ ಕುಟುಂಬದವರಾದರೂ ಹುಟ್ಟಿದ್ದು ಕೆರಿಬಿಯನ್ ದ್ವೀಪವಾದ ಪೋರ್ಟೊ ರಿಕೊದ ಮಾಯಾಗ್ವೆಸ್‌ನಲ್ಲಿ. ತಾಯಿಯ ಈ ಜನ್ಮಭೂಮಿಯೇ ಮುಂದೆ ಕಸಾಲ್ಸ್ ಅವರ ಕೊನೆಯ ಆಶ್ರಯಸ್ಥಾನವಾಯಿತು.

ಬಾಲಕ ಕಸಾಲ್ಸ್ ತಂದೆಯಿಂದ ಹಾಡುಗಾರಿಕೆ, ಪಿಯಾನೊ, ಪಿಟೀಲು ಮತ್ತು ಆರ್ಗನ್ ವಾದನವನ್ನು ಕಲಿತರು. ಊರೂರು ತಿರುಗುವ ಸಂಗೀತಗಾರರ ತಂಡವೊಂದು ಎಲ್ ವೆಂಡ್ರೆಲ್‌ಗೆ ಬಂದಾಗ, ಅವರಲ್ಲೊಬ್ಬ ಪೊರಕೆಯ ಹಿಡಿಗೆ ತಂತಿ ಕಟ್ಟಿ ನುಡಿಸುತ್ತಿದ್ದ ವಾದ್ಯಕ್ಕೆ ಹುಡುಗ ಮನಸೋತನು. ಅದನ್ನು ಕಂಡ ತಂದೆ ಸೋರೆಬುರುಡೆಯನ್ನು ಅನುರಣನ ಪೆಟ್ಟಿಗೆಯಾಗಿ ಬಳಸಿ ಮಗನಿಗೊಂದು ವಾದ್ಯವನ್ನು ತಯಾರಿಸಿಕೊಟ್ಟರು. ಕಸಾಲ್ಸ್ ಅವರ ಮೊದಲ 'ಚೆಲ್ಲೊ' ಅದೇ ಆಗಿತ್ತು.

ಚೆಲ್ಲೊ ಪಿಟೀಲಿನ ಕುಟುಂಬಕ್ಕೆ ಸೇರಿದ ನಾಲ್ಕು ತಂತಿಗಳ ವಾದ್ಯ. ಗಾತ್ರದಲ್ಲಿ ಪಿಟೀಲಿಗಿಂತ ಬಹಳ ದೊಡ್ಡದಾದ ಇದನ್ನು ಕುರ್ಚಿಯ ಮೇಲೆ ಕುಳಿತು, ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕಮಾನಿನಿಂದ ನುಡಿಸುತ್ತಾರೆ. ಕಸಾಲ್ಸ್ ನಿಜವಾದ ಚೆಲ್ಲೊವನ್ನು ಮೊದಲು ಕಂಡದ್ದು 11ನೆಯ ವಯಸ್ಸಿನಲ್ಲಿ, ಬಾರ್ಸೆಲೋನಾದ ಚೆಲ್ಲೊ ವಾದಕ ಜೊಸೆಪ್ ಗಾರ್ಸಿಯಾ ತಮ್ಮ ಊರಿಗೆ ಬಂದು ನುಡಿಸಿದಾಗ.

ಶಿಕ್ಷಣ

ಮಗ ಬಡಗಿ ಕೆಲಸ ಕಲಿತು ಜೀವನೋಪಾಯ ಕಂಡುಕೊಳ್ಳಲಿ ಎಂಬುದು ತಂದೆಯ ಅಪೇಕ್ಷೆಯಾಗಿತ್ತು. ಆದರೆ ತಾಯಿಯ ದೃಢ ನಿರ್ಧಾರದಿಂದ 1888ರಲ್ಲಿ ಕಸಾಲ್ಸ್ ಬಾರ್ಸೆಲೋನಾದ ನಗರಸಭಾ ಸಂಗೀತ ಶಾಲೆಯನ್ನು ಸೇರಿ ಜೊಸೆಪ್ ಗಾರ್ಸಿಯಾ ಅವರಲ್ಲಿ ಚೆಲ್ಲೊ ಅಭ್ಯಾಸವನ್ನು ಆರಂಭಿಸಿದರು. ವಿದ್ಯಾಭ್ಯಾಸದ ಖರ್ಚಿಗಾಗಿ 'ಕಾಫೆ ತೋಸ್ತ್' ಎಂಬ ಉಪಾಹಾರ ಗೃಹದಲ್ಲಿ ಮೂವರ ತಂಡದೊಡನೆ ಸಂಜೆಯ ವೇಳೆ ನುಡಿಸುತ್ತಿದ್ದರು. ಅಲ್ಲಿ ಅವರ ವಾದನವನ್ನು ಕೇಳಿದ ಪ್ರಸಿದ್ಧ ಪಿಯಾನೊ ವಾದಕ ಹಾಗೂ ರಚನಕಾರ ಇಸಾಕ್ ಅಲ್ಬೇನಿಸ್, ಮ್ಯಾಡ್ರಿಡ್‌ನ ಕೌಂಟ್ ಮೊರ್ಫಿ ಅವರಿಗೆ ಪರಿಚಯಪತ್ರವನ್ನು ಬರೆದುಕೊಟ್ಟರು.

ಈ ಪತ್ರದ ಮೂಲಕ ಕಸಾಲ್ಸ್ ಅವರಿಗೆ ಸ್ಪೇನ್‌ನ ಅರಮನೆಯ ಪರಿಚಯವಾಯಿತು. ಬಾಲರಾಜನ ಪರವಾಗಿ ಆಳುತ್ತಿದ್ದ ರಾಜಮಾತೆ ಮರಿಯಾ ಕ್ರಿಸ್ಟಿನಾ ಅವರಿಗೆ ವಿದ್ಯಾರ್ಥಿವೇತನವನ್ನು ನೀಡಿದರು. ಮ್ಯಾಡ್ರಿಡ್‌ನಲ್ಲಿ ಅವರು ತೊಮಾಸ್ ಬ್ರೆತೋನ್ ಅವರಿಂದ ಸಂಗೀತ ರಚನೆಯನ್ನೂ ಹೆಸೂಸ್ ದೆ ಮೊನಾಸ್ತೆರಿಯೊ ಅವರಿಂದ ಕಿರುವೃಂದ ವಾದನವನ್ನೂ ಕಲಿತರು. 1895ರಲ್ಲಿ ಹೆಚ್ಚಿನ ಶಿಕ್ಷಣಕ್ಕೆಂದು ಬ್ರಸೆಲ್ಸ್‌ಗೆ ತೆರಳಿದರೂ ಅಲ್ಲಿನ ತರಗತಿಯಲ್ಲಿ ತಮ್ಮನ್ನು ಹಾಸ್ಯಮಾಡಿದ ರೀತಿಯಿಂದ ಬೇಸತ್ತು ಪ್ಯಾರಿಸ್‌ಗೆ ಹೊರಟುಹೋದರು. ಇದರಿಂದ ವಿದ್ಯಾರ್ಥಿವೇತನ ನಿಂತುಹೋಯಿತು. ಪ್ಯಾರಿಸ್‌ನ ರಂಗಮಂದಿರವೊಂದರಲ್ಲಿ ಎರಡನೆಯ ಚೆಲ್ಲೊ ವಾದಕರಾಗಿ ದುಡಿದ ಆ ದಿನಗಳಲ್ಲಿ ಮನೆಯ ಖರ್ಚಿಗಾಗಿ ತಾಯಿ ತಮ್ಮ ತಲೆಗೂದಲನ್ನೇ ಕತ್ತರಿಸಿ ಮಾರಿದ್ದನ್ನು ಕಸಾಲ್ಸ್ ಆತ್ಮಕಥನದಲ್ಲಿ ನೆನೆದಿದ್ದಾರೆ.

1896ರಲ್ಲಿ ಬಾರ್ಸೆಲೋನಾಕ್ಕೆ ಮರಳಿದ ಅವರು ತಾವು ಕಲಿತ ಶಾಲೆಯಲ್ಲಿಯೇ ಅಧ್ಯಾಪಕರಾದರು. ನಗರದ ಲಿಸೇವ್ ಆಪೆರಾ ಮಂದಿರದ ವಾದ್ಯವೃಂದದಲ್ಲಿ ಪ್ರಧಾನ ಚೆಲ್ಲೊ ವಾದಕರ ಸ್ಥಾನವೂ ಅವರಿಗೆ ದೊರೆಯಿತು.

ಬಾಖ್ ಸ್ವೀಟ್‌ಗಳು

1890ರಲ್ಲಿ, ತಮ್ಮ 13ನೆಯ ವಯಸ್ಸಿನಲ್ಲಿ, ಕಸಾಲ್ಸ್ ಬಾರ್ಸೆಲೋನಾದ ಬಂದರಿನ ಬಳಿಯ ಹಳೆಯ ಸ್ವರಪುಸ್ತಕಗಳ ಅಂಗಡಿಯೊಂದರಲ್ಲಿ ಬಾಖ್ ಅವರ ಆರು ಚೆಲ್ಲೊ ಸ್ವೀಟ್‌ಗಳ ಪ್ರತಿಯನ್ನು ಕಂಡರು. ಸುಮಾರು 1720ರ ವೇಳೆಗೆ ರಚಿತವಾದವೆಂದು ನಂಬಲಾದ ಈ ಕೃತಿಗಳು ಅಂದಿನ ವಾದಕರಿಗೆ ತೀರ ಅಪರಿಚಿತವಾಗಿರಲಿಲ್ಲ. ಆದರೆ ಅವುಗಳನ್ನು ಕೈ ಪಳಗಿಸುವ ಅಭ್ಯಾಸಪಾಠಗಳೆಂದೇ ಬಹುಮಟ್ಟಿಗೆ ಭಾವಿಸಲಾಗಿತ್ತು. ಕಚೇರಿಯಲ್ಲಿ ನುಡಿಸಿದರೂ ಯಾವುದಾದರೊಂದು ಭಾಗವನ್ನು ಮಾತ್ರ ಆಯ್ದು ನುಡಿಸುವ ರೂಢಿಯಿತ್ತು.

ಪ್ರತಿಯೊಂದು ಸ್ವೀಟ್‌ನಲ್ಲಿಯೂ ಆರು ಭಾಗಗಳಿವೆ. ಪ್ರೆಲ್ಯೂಡ್ ಎಂಬ ಪೀಠಿಕೆಯ ನಂತರ ಐರೋಪ್ಯ ನೃತ್ಯರೂಪಗಳನ್ನು ಆಧರಿಸಿದ ಭಾಗಗಳು ಬರುತ್ತವೆ. ಪಕ್ಕವಾದ್ಯದ ನೆರವಿಲ್ಲದೆ ಒಂದೇ ಚೆಲ್ಲೊ ರಾಗದ ಎಳೆಯನ್ನೂ ಅದರ ಕೆಳಗಿನ ಮಂದ್ರಸ್ವರಗಳ ಆಧಾರವನ್ನೂ ಏಕಕಾಲದಲ್ಲಿ ಸೂಚಿಸಬೇಕಾಗಿರುವುದು ಈ ಕೃತಿಗಳ ವೈಶಿಷ್ಟ್ಯ. ಕಸಾಲ್ಸ್ ಇವನ್ನು ಸುಮಾರು ಹನ್ನೆರಡು ವರ್ಷ ಪ್ರತಿದಿನ ಅಭ್ಯಾಸ ಮಾಡಿದರು. ಆ ನಂತರವೇ ಒಂದು ಸ್ವೀಟನ್ನು ಸಾರ್ವಜನಿಕವಾಗಿ ನುಡಿಸಲು ಮುಂದಾದರು. ಯಾವ ಭಾಗವನ್ನೂ ಬಿಡದೆ ಇಡೀ ಸ್ವೀಟನ್ನು ಒಂದೇ ಕೃತಿಯಾಗಿ ನುಡಿಸುವ ಪದ್ಧತಿ ಅವರಿಂದ ಬಲಗೊಂಡಿತು.

ಎಲ್ಲ ಸ್ವೀಟ್‌ಗಳ ಧ್ವನಿಮುದ್ರಣ 1936ರಿಂದ 1939ರವರೆಗೆ ನಡೆಯಿತು. ಎರಡು ಮತ್ತು ಮೂರನೆಯ ಸ್ವೀಟ್‌ಗಳನ್ನು ನವೆಂಬರ್ 1936ರಲ್ಲಿ ಲಂಡನ್ನಿನ ಆಬಿ ರೋಡ್ ಸ್ಟುಡಿಯೊದಲ್ಲಿಯೂ ಉಳಿದ ನಾಲ್ಕನ್ನು 1938 ಮತ್ತು 1939ರಲ್ಲಿ ಪ್ಯಾರಿಸ್‌ನಲ್ಲಿಯೂ ಮುದ್ರಿಸಲಾಯಿತು. ಈ ಕಾರ್ಯದ ಬಹುಭಾಗ ಸ್ಪೇನ್‌ನ ಅಂತರ್ಯುದ್ಧ ನಡೆಯುತ್ತಿದ್ದಾಗಲೇ ನಡೆಯಿತು. ಇಂದು ಚೆಲ್ಲೊ ವಿದ್ಯಾರ್ಥಿಗಳಿಗೆ ಈ ಸ್ವೀಟ್‌ಗಳು ಅನಿವಾರ್ಯ ಪಾಠವಾಗಿದ್ದು, ನಂತರದ ವಾದಕರೆಲ್ಲರ ಮುದ್ರಣಗಳನ್ನು ಕಸಾಲ್ಸ್ ಅವರ ಮುದ್ರಣದೊಡನೆ ಹೋಲಿಸುವುದು ವಾಡಿಕೆಯಾಗಿದೆ.

ವಾದನ ಶೈಲಿ

ಕಸಾಲ್ಸ್ ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ ಬಲಗೈಯ ಮೇಲ್ತೋಳನ್ನು ದೇಹಕ್ಕೆ ಅಂಟಿಸಿಕೊಂಡು ಕಮಾನನ್ನು ಎಳೆಯುವ ಕ್ರಮವಿತ್ತು. ತೋಳು ಅಲುಗದಿರಲೆಂದು ಕಂಕುಳಲ್ಲಿ ಪುಸ್ತಕವನ್ನು ಇರಿಸಿ ಅಭ್ಯಾಸ ಮಾಡಿಸುತ್ತಿದ್ದರು. ಕಸಾಲ್ಸ್ ಈ ಬಿಗಿಯನ್ನು ತೊರೆದು ತೋಳನ್ನು ಸ್ವತಂತ್ರವಾಗಿ ಚಲಿಸಲು ಬಿಟ್ಟರು. ಎಡಗೈಯ ವಿಷಯದಲ್ಲಿಯೂ ಅವರು ಬದಲಾವಣೆಯನ್ನು ತಂದರು. ಹಿಂದಿನ ಪದ್ಧತಿಯಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗಲು ಇಡೀ ಕೈಯನ್ನು ತಂತಿಯ ಮೇಲೆ ಪದೇಪದೇ ಜಾರಿಸಬೇಕಾಗಿತ್ತು. ಇದರಿಂದ ಬೇಡವಾದ ಕಡೆಯೂ ಜಾರುವ ನಾದ ಕೇಳಿಬರುತ್ತಿತ್ತು. ಕಸಾಲ್ಸ್ ಬೆರಳುಗಳನ್ನು ಅಗಲಿಸಿ ದೂರದ ಸ್ವರವನ್ನು ಮುಟ್ಟುವ ಕ್ರಮವನ್ನು ರೂಢಿಸಿಕೊಂಡರು. ಹೀಗಾಗಿ ಸ್ವರಗಳು ಸ್ಪಷ್ಟವಾದವು, ಜಾರುವಿಕೆಯು ಭಾವಕ್ಕೆ ಅಗತ್ಯವಾದಲ್ಲಿ ಮಾತ್ರ ಬಳಸುವ ಅಲಂಕಾರವಾಯಿತು.

ಶ್ರುತಿಯ ಬಗ್ಗೆ ಅವರದು ಕಟ್ಟುನಿಟ್ಟಿನ ನಿಲುವು. ಪಿಯಾನೊದಲ್ಲಿ ಸ್ವರಸ್ಥಾನಗಳು ಸ್ಥಿರವಾಗಿರುತ್ತವೆ. ಆದರೆ ತಂತಿವಾದ್ಯದಲ್ಲಿ ಸ್ವರವು ಯಾವ ದಿಕ್ಕಿಗೆ ಸಾಗುತ್ತಿದೆ ಎಂಬುದಕ್ಕೆ ಅನುಗುಣವಾಗಿ ಅದರ ಸ್ಥಾನ ಸೂಕ್ಷ್ಮವಾಗಿ ಬದಲಾಗಬೇಕೆಂದು ಅವರು ಬೋಧಿಸುತ್ತಿದ್ದರು. ಉದಾಹರಣೆಗೆ, ಸಪ್ತಕದ ಏಳನೆಯ ಸ್ವರವು ಮೇಲಿನ ಆಧಾರಸ್ವರದತ್ತ ಏರುವಾಗ ಅದನ್ನು ತುಸು ಎತ್ತರಿಸಿ, ಎರಡರ ನಡುವಿನ ಅಂತರವನ್ನು ಕಿರಿದುಗೊಳಿಸುತ್ತಿದ್ದರು. ಅವರು ಬಹುಕಾಲ ನುಡಿಸಿದ ವಾದ್ಯವು ವೆನಿಸ್‌ನ ಮತ್ತೆಯೊ ಗೊಫ್ರಿಲ್ಲರ್ ಎಂಬ ವಾದ್ಯ ತಯಾರಕರು ಹದಿನೆಂಟನೆಯ ಶತಮಾನದಲ್ಲಿ ನಿರ್ಮಿಸಿದ್ದು.

ಅಂತರರಾಷ್ಟ್ರೀಯ ಖ್ಯಾತಿ

1899 ಕಸಾಲ್ಸ್ ಅವರ ವೃತ್ತಿಜೀವನದ ತಿರುವಿನ ವರ್ಷ. ಆ ವರ್ಷ ಅವರು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ನುಡಿಸಿದರು. ವಿಕ್ಟೋರಿಯಾ ರಾಣಿಯ ಮುಂದೆ ಆಸ್ಬರ್ನ್ ಹೌಸ್‌ನಲ್ಲಿಯೂ ವಾದನ ನಡೆಸಿಕೊಟ್ಟರು. ನವೆಂಬರ್‌ನಲ್ಲಿ ಪ್ಯಾರಿಸ್‌ನ ಲಾಮುರೊ ವಾದ್ಯವೃಂದದೊಡನೆ ಲಾಲೊ ಅವರ ಚೆಲ್ಲೊ ಕಂಚರ್ಟೊವನ್ನು ನುಡಿಸಿ ಮನೆಮಾತಾದರು. 1901ರಲ್ಲಿ ಅಮೆರಿಕದ ಪ್ರವಾಸ ಕೈಗೊಂಡರು. ಆ ಪ್ರವಾಸದಲ್ಲಿ ಕ್ಯಾಲಿಫೋರ್ನಿಯಾದ ಬೆಟ್ಟವೊಂದನ್ನು ಹತ್ತುವಾಗ ಬಂಡೆ ಉರುಳಿ ಎಡಗೈಗೆ ತೀವ್ರ ಪೆಟ್ಟಾಯಿತಾದರೂ ಕೆಲವು ತಿಂಗಳುಗಳಲ್ಲಿ ಚೇತರಿಸಿಕೊಂಡರು. 1904ರ ಜನವರಿಯಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರ ಆಹ್ವಾನದ ಮೇರೆಗೆ ಶ್ವೇತಭವನದಲ್ಲಿ ನುಡಿಸಿದರು.

1905ರಲ್ಲಿ ಪಿಯಾನೊ ವಾದಕ ಆಲ್ಫ್ರೆಡ್ ಕೊರ್ತೊ ಮತ್ತು ಪಿಟೀಲು ವಾದಕ ಜಾಕ್ ತಿಬೊ ಅವರೊಡನೆ ಸೇರಿ ಕಟ್ಟಿದ ಮೂವರ ತಂಡವು ಸುಮಾರು ಮೂರು ದಶಕಗಳ ಕಾಲ ಯುರೋಪಿನಲ್ಲಿ ಹೆಸರಾಗಿತ್ತು. ಶೂಬರ್ಟ್, ಬೀಥೋವನ್ ಮತ್ತು ಮೆಂಡೆಲ್ಸನ್ ಅವರ ಕೃತಿಗಳ ಈ ತಂಡದ ಧ್ವನಿಮುದ್ರಿಕೆಗಳು ಇಂದಿಗೂ ಪ್ರಸಾರದಲ್ಲಿವೆ.

ಬಾರ್ಸೆಲೋನಾದ ವಾದ್ಯವೃಂದ

ಮೊದಲನೆಯ ಮಹಾಯುದ್ಧದ ನಂತರ ಬಾರ್ಸೆಲೋನಾದಲ್ಲಿ ನೆಲೆಸಿದ ಕಸಾಲ್ಸ್, ಆ ನಗರಕ್ಕೊಂದು ಉತ್ತಮ ವಾದ್ಯವೃಂದವನ್ನು ಒದಗಿಸಲು ಮುಂದಾದರು. 'ಪಾವ್ ಕಸಾಲ್ಸ್ ವಾದ್ಯವೃಂದ'ದ ಮೊದಲ ಕಚೇರಿ 13 ಅಕ್ಟೋಬರ್ 1920ರಂದು ನಡೆಯಿತು. ಆರಂಭದ ವರ್ಷಗಳ ನಷ್ಟವನ್ನು ಚೆಲ್ಲೊ ಕಚೇರಿಗಳಿಂದ ಬಂದ ತಮ್ಮ ಸ್ವಂತ ಸಂಪಾದನೆಯಿಂದಲೇ ಅವರು ಭರಿಸಿದರು.

ಸಂಗೀತವು ಸಿರಿವಂತರ ಸೊತ್ತಾಗಿ ಉಳಿಯಬಾರದೆಂಬುದು ಅವರ ನಿಲುವಾಗಿತ್ತು. 1926ರಲ್ಲಿ ಅವರು 'ಕಾರ್ಮಿಕರ ಕಚೇರಿ ಸಂಘ'ವನ್ನು ಸ್ಥಾಪಿಸಿದರು. ಕಡಿಮೆ ಆದಾಯದ ದುಡಿಮೆಗಾರರು ಅಲ್ಪ ವಾರ್ಷಿಕ ಶುಲ್ಕವನ್ನು ನೀಡಿ ಇದರ ಸದಸ್ಯರಾಗಬಹುದಾಗಿತ್ತು. ಅವರಿಗಾಗಿ ಭಾನುವಾರದ ಬೆಳಗಿನ ವೇಳೆ ಪೂರ್ಣ ಪ್ರಮಾಣದ ಕಚೇರಿಗಳನ್ನು ಏರ್ಪಡಿಸಲಾಗುತ್ತಿತ್ತು.

ಅಂತರ್ಯುದ್ಧ ಮತ್ತು ದೇಶಭ್ರಷ್ಟತೆ

ಅರಮನೆಯ ನೆರವಿನಿಂದ ಕಲಿತ ಕಸಾಲ್ಸ್ ರಾಜಮನೆತನದ ಬಗ್ಗೆ ವೈಯಕ್ತಿಕ ಕೃತಜ್ಞತೆಯನ್ನು ಉಳಿಸಿಕೊಂಡಿದ್ದರು. ಆದರೂ ರಾಜಕೀಯವಾಗಿ ಅವರು ಗಣರಾಜ್ಯವಾದಿಗಳಾಗಿದ್ದರು. 1931ರಲ್ಲಿ ಸ್ಪೇನ್ ಗಣರಾಜ್ಯವಾದಾಗ ಬಾರ್ಸೆಲೋನಾದ ಸಂಭ್ರಮಾಚರಣೆಯಲ್ಲಿ ಬೀಥೋವನ್ ಅವರ ಒಂಬತ್ತನೆಯ ಸಿಂಫನಿಯನ್ನು ನಿರ್ದೇಶಿಸಿದರು. ಹಿಟ್ಲರನು ಅಧಿಕಾರಕ್ಕೆ ಬಂದ ಮೇಲೆ ಜರ್ಮನಿಯ ಆಹ್ವಾನಗಳನ್ನು ತಿರಸ್ಕರಿಸಿದರು. ಮುಸೊಲಿನಿಯ ಇಟಲಿಯಲ್ಲಿಯೂ ನುಡಿಸುವುದನ್ನು ನಿಲ್ಲಿಸಿದರು.

ಜುಲೈ 1936ರಲ್ಲಿ ಗಣರಾಜ್ಯದ ವಿರುದ್ಧ ಸೇನಾ ದಂಗೆ ಆರಂಭವಾದಾಗ ಕಸಾಲ್ಸ್ ಬಾರ್ಸೆಲೋನಾದಲ್ಲಿ ಅದೇ ಒಂಬತ್ತನೆಯ ಸಿಂಫನಿಯ ಪೂರ್ವಾಭ್ಯಾಸವನ್ನು ನಡೆಸುತ್ತಿದ್ದರು. ಮರುದಿನದ ಕಚೇರಿ ರದ್ದಾಗಿದೆಯೆಂದೂ ಎಲ್ಲರೂ ಮನೆಗೆ ತೆರಳಬೇಕೆಂದೂ ಸುದ್ದಿ ಬಂದಿತು. ಮತ್ತೆ ಯಾವಾಗ ಸೇರುವೆವೋ ತಿಳಿಯದು, ಅಗಲುವ ಮುನ್ನ ಕೊನೆಯ ಭಾಗವನ್ನು ಮುಗಿಸೋಣವೇ ಎಂದು ಕಸಾಲ್ಸ್ ಕೇಳಿದರು. ವಾದಕರೂ ಗಾಯಕರೂ ಒಪ್ಪಿ, ಮನುಕುಲದ ಸೋದರತ್ವವನ್ನು ಸಾರುವ ಆ ಭಾಗವನ್ನು ಪೂರ್ಣಗೊಳಿಸಿ ಚದುರಿದರು. ಯುದ್ಧದ ವರ್ಷಗಳಲ್ಲಿ ಕಸಾಲ್ಸ್ ಗಾಯಾಳುಗಳ ಮತ್ತು ನಿರಾಶ್ರಿತರ ನೆರವಿಗಾಗಿ ಅನೇಕ ಕಚೇರಿಗಳನ್ನು ನಡೆಸಿದರು.

1939ರ ಆರಂಭದಲ್ಲಿ ಬಾರ್ಸೆಲೋನಾ ಫ್ರಾಂಕೊನ ಸೈನ್ಯದ ವಶವಾಯಿತು. ಕಸಾಲ್ಸ್ ಸ್ಪೇನ್ ಗಡಿಗೆ ಸಮೀಪದಲ್ಲಿರುವ ಪ್ರಾದ್ ಎಂಬ ಫ್ರಾನ್ಸಿನ ಸಣ್ಣ ಊರಿನಲ್ಲಿ ನೆಲೆಸಿದರು. ಪಿರನೀಸ್ ಪರ್ವತದ ತಪ್ಪಲಿನ ಈ ಪ್ರದೇಶದಲ್ಲಿ ಕ್ಯಾಟಲನ್ ಮಾತನಾಡುವ ಜನರಿದ್ದಾರೆ. ಗಡಿ ದಾಟಿ ಬಂದ ಲಕ್ಷಾಂತರ ನಿರಾಶ್ರಿತರನ್ನು ಫ್ರೆಂಚ್ ಸರ್ಕಾರವು ದಕ್ಷಿಣ ಫ್ರಾನ್ಸಿನ ಶಿಬಿರಗಳಲ್ಲಿ ಕೂಡಿಹಾಕಿತ್ತು. ಕಸಾಲ್ಸ್ ಆ ಶಿಬಿರಗಳಿಗೆ ಆಹಾರ, ಬಟ್ಟೆ ಮತ್ತು ಹಣವನ್ನು ಒದಗಿಸುತ್ತ, ನೆರವು ಕೋರಿ ವಿವಿಧ ದೇಶಗಳ ಪರಿಚಿತರಿಗೆ ಪತ್ರಗಳನ್ನು ಬರೆಯುತ್ತ ಕಾಲ ಕಳೆದರು. ಫ್ರಾನ್ಸ್ ಜರ್ಮನಿಯ ಹಿಡಿತಕ್ಕೆ ಒಳಗಾದ ಮೇಲೂ ಅವರು ಪ್ರಾದ್ ಅನ್ನು ಬಿಡಲಿಲ್ಲ. ಜರ್ಮನ್ ಅಧಿಕಾರಿಗಳು ಮನೆಗೇ ಬಂದು ಬರ್ಲಿನ್‌ನಲ್ಲಿ ನುಡಿಸುವಂತೆ ಆಹ್ವಾನಿಸಿದಾಗ ತಾವು ನಿರಾಕರಿಸಿದುದಾಗಿ ಅವರು ಆತ್ಮಕಥನದಲ್ಲಿ ತಿಳಿಸಿದ್ದಾರೆ.

ಮೌನದ ಪ್ರತಿಭಟನೆ

1945ರಲ್ಲಿ ಯುದ್ಧ ಮುಗಿದಾಗ, ಹಿಟ್ಲರ್ ಮತ್ತು ಮುಸೊಲಿನಿಯರನ್ನು ಸೋಲಿಸಿದ ಮಿತ್ರರಾಷ್ಟ್ರಗಳು ಫ್ರಾಂಕೊನನ್ನೂ ಪದಚ್ಯುತಗೊಳಿಸುವುವೆಂದು ಕಸಾಲ್ಸ್ ನಿರೀಕ್ಷಿಸಿದ್ದರು. ಆ ವರ್ಷ ಬ್ರಿಟನ್ನಿನಲ್ಲಿ ಅವರ ಕಚೇರಿಗಳಿಗೆ ಅಪಾರ ಸ್ವಾಗತ ದೊರೆಯಿತು. ಆದರೆ ಫ್ರಾಂಕೊನ ಆಡಳಿತ ಮುಂದುವರಿಯಲು ಬ್ರಿಟಿಷ್ ಸರ್ಕಾರ ಅಡ್ಡಿಪಡಿಸದೆಂಬುದು ಸ್ಪಷ್ಟವಾದಾಗ ಅವರು ಉಳಿದ ಆಹ್ವಾನಗಳನ್ನು ನಿರಾಕರಿಸಿದರು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳ ಗೌರವ ಪದವಿಗಳನ್ನೂ ಸ್ವೀಕರಿಸಲಿಲ್ಲ. 1946ರ ವೇಳೆಗೆ ಸಾರ್ವಜನಿಕ ವಾದನವನ್ನೇ ನಿಲ್ಲಿಸಿದರು.

ಇದು ನಿವೃತ್ತಿಯಾಗಿರಲಿಲ್ಲ. ಪ್ರಾದ್‌ನ ಮನೆಯಲ್ಲಿ ಅವರ ದಿನನಿತ್ಯದ ಅಭ್ಯಾಸವೂ ಶಿಷ್ಯರಿಗೆ ಪಾಠವೂ ಮುಂದುವರಿದಿತ್ತು. ಬೆಳಗ್ಗೆ ಪಿಯಾನೊದಲ್ಲಿ ಬಾಖ್ ಅವರ ಕೃತಿಗಳನ್ನು ನುಡಿಸಿಯೇ ದಿನವನ್ನು ಆರಂಭಿಸುವುದು ಅವರ ನಿಯಮವಾಗಿತ್ತು. ವಾದಕನೊಬ್ಬನಿಗೆ ಲಭ್ಯವಿರುವ ಏಕೈಕ ಅಸ್ತ್ರವೆಂದರೆ ನುಡಿಸುವುದು ಅಥವಾ ನುಡಿಸದಿರುವುದು ಎಂಬುದು ಅವರ ವಾದವಾಗಿತ್ತು.

ಕಸಾಲ್ಸ್ ಹೊರಗೆ ಬರಲು ಒಪ್ಪದಿದ್ದಾಗ, ಸಂಗೀತಗಾರರೇ ಅವರಿದ್ದಲ್ಲಿಗೆ ಹೋಗುವ ಏರ್ಪಾಡನ್ನು ಪಿಟೀಲು ವಾದಕ ಅಲೆಕ್ಸಾಂಡರ್ ಶ್ನೈಡರ್ ಮಾಡಿದರು. ಬಾಖ್ ನಿಧನದ 200ನೆಯ ವರ್ಷವಾದ 1950ರ ಜೂನ್‌ನಲ್ಲಿ ಪ್ರಾದ್‌ನ ಚರ್ಚಿನಲ್ಲಿ ಮೊದಲ ಸಂಗೀತೋತ್ಸವ ನಡೆಯಿತು. ಐಸಾಕ್ ಸ್ಟರ್ನ್, ರುಡಾಲ್ಫ್ ಸೆರ್ಕಿನ್, ಕ್ಲಾರಾ ಹಾಸ್ಕಿಲ್, ಜೋಸೆಫ್ ಸಿಗೆಟಿ ಮೊದಲಾದವರು ಇದರಲ್ಲಿ ಭಾಗವಹಿಸಿದರು. ಕಸಾಲ್ಸ್ ವಾದ್ಯವೃಂದವನ್ನು ನಿರ್ದೇಶಿಸಿದ್ದಲ್ಲದೆ ಹಲವು ವರ್ಷಗಳ ನಂತರ ಶ್ರೋತೃಗಳ ಮುಂದೆ ಚೆಲ್ಲೊ ನುಡಿಸಿದರು. ದೇಶಭ್ರಷ್ಟತೆಯ ವರ್ಷಗಳಲ್ಲಿ ಕಚೇರಿಯ ಕೊನೆಯಲ್ಲಿ 'ಹಕ್ಕಿಗಳ ಹಾಡು' ಎಂಬ ಕ್ಯಾಟಲನ್ ಜನಪದ ಕ್ರಿಸ್‌ಮಸ್ ಗೀತೆಯ ಧಾಟಿಯನ್ನು ನುಡಿಸುವುದು ಅವರ ರೂಢಿಯಾಯಿತು. ಕಾಲಕ್ರಮದಲ್ಲಿ ಅದು ದೇಶಭ್ರಷ್ಟ ಕ್ಯಾಟಲನ್ನರ ಗುರುತಿನಂತಾಯಿತು.

ಪೋರ್ಟೊ ರಿಕೊ ಮತ್ತು ಕೊನೆಯ ವರ್ಷಗಳು

1955ರ ಡಿಸೆಂಬರ್‌ನಲ್ಲಿ ಕಸಾಲ್ಸ್ ಮೊದಲ ಬಾರಿಗೆ ತಾಯಿಯ ಜನ್ಮಭೂಮಿಯಾದ ಪೋರ್ಟೊ ರಿಕೊವನ್ನು ಸಂದರ್ಶಿಸಿದರು. ನಂತರ ಅಲ್ಲಿಯೇ ನೆಲೆಸಿದರು. 1957ರಲ್ಲಿ ಆರಂಭವಾದ 'ಕಸಾಲ್ಸ್ ಉತ್ಸವ'ದ ಪೂರ್ವಾಭ್ಯಾಸದ ವೇಳೆ ಅವರಿಗೆ ಹೃದಯಾಘಾತವಾಯಿತು. ಚೇತರಿಸಿಕೊಂಡ ಮೇಲೆ ಅವರು ದ್ವೀಪದ ಸಿಂಫನಿ ವಾದ್ಯವೃಂದದ ಮತ್ತು ಸಂಗೀತ ಮಹಾವಿದ್ಯಾಲಯದ ಸ್ಥಾಪನೆಯಲ್ಲಿ ಪ್ರಧಾನ ಪಾತ್ರ ವಹಿಸಿದರು. 1960ರಿಂದ ಅಮೆರಿಕದ ವರ್ಮಾಂಟ್ ರಾಜ್ಯದ ಮಾರ್ಲ್‌ಬರೊ ಸಂಗೀತೋತ್ಸವದಲ್ಲಿ ನಿರ್ದೇಶಕರಾಗಿಯೂ ಬೋಧಕರಾಗಿಯೂ ಪಾಲ್ಗೊಂಡರು.

24 ಅಕ್ಟೋಬರ್ 1958ರಂದು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಮಹಾಸಭೆಯ ಸಭಾಂಗಣದಲ್ಲಿ ಪಿಯಾನೊ ವಾದಕ ಮಿಯೆಚಿಸ್ಲಾವ್ ಹೊರ್ಷೊವ್ಸ್ಕಿ ಅವರೊಡನೆ ಬಾಖ್ ಅವರ ಸೊನಾಟವೊಂದನ್ನು ನುಡಿಸಿದರು. 13 ನವೆಂಬರ್ 1961ರಂದು ಅಧ್ಯಕ್ಷ ಜಾನ್ ಎಫ್. ಕೆನಡಿ ಅವರ ಆಹ್ವಾನದ ಮೇರೆಗೆ, 57 ವರ್ಷಗಳ ನಂತರ, ಮತ್ತೆ ಶ್ವೇತಭವನದಲ್ಲಿ ನುಡಿಸಿದರು. ಅಮೆರಿಕವು ಫ್ರಾಂಕೊನ ಆಡಳಿತಕ್ಕೆ ಮಾನ್ಯತೆ ನೀಡಿದ್ದರಿಂದ ಇದು ಅವರ ಪ್ರತಿಜ್ಞೆಗೆ ಅಪವಾದವಾಗಿತ್ತು. ಕೆನಡಿಯವರ ಬಗೆಗಿನ ಗೌರವದಿಂದ ಹಾಗೂ ಶಾಂತಿ ಮತ್ತು ಸ್ವಾತಂತ್ರ್ಯದ ಕುರಿತು ಅವರೊಡನೆ ಮಾತನಾಡುವ ಅವಕಾಶಕ್ಕಾಗಿ ತಾವು ಒಪ್ಪಿದುದಾಗಿ ಕಸಾಲ್ಸ್ ವಿವರಿಸಿದರು. ಜರ್ಮನ್ ಆಕ್ರಮಣದ ಕಾಲದಲ್ಲಿ ವಿಶಿ ಸರ್ಕಾರದೊಡನೆ ಸಹಕರಿಸಿದ್ದ ಹಳೆಯ ಗೆಳೆಯ ಕೊರ್ತೊ ಅವರೊಡನೆಯೂ ರಾಜಿಯಾಗಿ, 1958ರಲ್ಲಿ ಪ್ರಾದ್‌ನಲ್ಲಿ ಒಟ್ಟಿಗೆ ನುಡಿಸಿದರು.

ರಚನೆಗಳು

ಕಸಾಲ್ಸ್ ಅವರ ಅತಿ ದೊಡ್ಡ ರಚನೆ 'ಎಲ್ ಪೆಸೆಬ್ರೆ' (ಗೋದಲಿ) ಎಂಬ ಕ್ಯಾಟಲನ್ ಭಾಷೆಯ ಒರಟೋರಿಯೊ. ಪ್ರಾದ್‌ನಲ್ಲಿ ಅವರೊಡನೆ ದೇಶಭ್ರಷ್ಟರಾಗಿದ್ದ ಕವಿ ಜೊವಾನ್ ಅಲವೆದ್ರಾ ಅವರ ಕವಿತೆ ಇದಕ್ಕೆ ಆಧಾರ. 17 ಡಿಸೆಂಬರ್ 1960ರಂದು ಮೆಕ್ಸಿಕೊದ ಅಕಾಪುಲ್ಕೊದಲ್ಲಿ ಇದರ ಪ್ರಥಮ ಪ್ರದರ್ಶನವಾಯಿತು. 1962ರಿಂದ ಶಾಂತಿಯ ಸಂದೇಶವಾಗಿ ಈ ಕೃತಿಯನ್ನು ಅವರು ಹಲವು ದೇಶಗಳಲ್ಲಿ ನಿರ್ದೇಶಿಸಿದರು. ಕವಿ ಡಬ್ಲ್ಯೂ. ಎಚ್. ಆಡನ್ ಅವರ ಸಾಹಿತ್ಯಕ್ಕೆ ಕಸಾಲ್ಸ್ ಸಂಗೀತ ನೀಡಿದ ವಿಶ್ವಸಂಸ್ಥೆಯ ಸ್ತುತಿಗೀತೆಯು 24 ಅಕ್ಟೋಬರ್ 1971ರಂದು ಪ್ರಸ್ತುತಗೊಂಡಿತು.

ತಮ್ಮ ಕಾಲದ ಹೊಸ ಪಂಥದ ಸಂಗೀತದ ಬಗ್ಗೆ ಅವರಿಗೆ ಒಲವಿರಲಿಲ್ಲ. ಆರ್ನಲ್ಡ್ ಶೋನ್‌ಬರ್ಗ್ ತಮಗಾಗಿ ಸಿದ್ಧಪಡಿಸಿದ ಚೆಲ್ಲೊ ಕಂಚರ್ಟೊವನ್ನು ಅವರು ಸಾರ್ವಜನಿಕವಾಗಿ ನುಡಿಸಲಿಲ್ಲ. ಆದರೂ ಆಲ್ಬನ್ ಬರ್ಗ್ ಅವರ ಪಿಟೀಲು ಕಂಚರ್ಟೊದ ಪ್ರಥಮ ಪ್ರದರ್ಶನವು 1936ರಲ್ಲಿ ಬಾರ್ಸೆಲೋನಾದಲ್ಲಿ ನಡೆದಾಗ ಅದನ್ನು ನುಡಿಸಿದ್ದು ಕಸಾಲ್ಸ್ ಕಟ್ಟಿದ ವಾದ್ಯವೃಂದವೇ.

ವೈಯಕ್ತಿಕ ಜೀವನ

1906ರಿಂದ ಕೆಲವು ವರ್ಷಗಳ ಕಾಲ ಕಸಾಲ್ಸ್ ತಮ್ಮ ಶಿಷ್ಯೆಯೂ ಪೋರ್ಚುಗಲ್‌ನ ಖ್ಯಾತ ಚೆಲ್ಲೊ ವಾದಕಿಯೂ ಆದ ಗಿಲೆರ್ಮಿನಾ ಸುಗಿಯಾ ಅವರೊಡನೆ ಪ್ಯಾರಿಸ್‌ನಲ್ಲಿ ಬಾಳಿದರು. 1914ರಲ್ಲಿ ಅಮೆರಿಕದ ಗಾಯಕಿ ಸೂಸನ್ ಮೆಟ್ಕಾಫ್ ಅವರನ್ನು ವಿವಾಹವಾದರು. 1928ರಲ್ಲಿ ದಂಪತಿಗಳು ಬೇರ್ಪಟ್ಟರು. ದೇಶಭ್ರಷ್ಟತೆಯ ವರ್ಷಗಳಲ್ಲಿ ಅವರ ಜೊತೆಗಿದ್ದ ಫ್ರಾನ್ಸೆಸ್ಕಾ ವಿದಾಲ್ 1955ರಲ್ಲಿ ನಿಧನರಾದರು. 1957ರಲ್ಲಿ, 80ನೆಯ ವಯಸ್ಸಿನಲ್ಲಿ, ಪೋರ್ಟೊ ರಿಕೊ ಮೂಲದ ಶಿಷ್ಯೆ ಮಾರ್ತಾ ಮೊಂತಾನ್ಯೆಸ್ ಅವರನ್ನು ವರಿಸಿದರು. ಆಗ ಮಾರ್ತಾ ಅವರಿಗೆ 20 ವರ್ಷ.

ಪ್ರಮುಖ ಧ್ವನಿಮುದ್ರಿಕೆಗಳು

- ಶೂಬರ್ಟ್: ಬಿ-ಫ್ಲಾಟ್ ಪಿಯಾನೊ ಟ್ರಿಯೊ, ಕೊರ್ತೊ ಮತ್ತು ತಿಬೊ ಅವರೊಡನೆ (1926)
- ಬೀಥೋವನ್: 'ಆರ್ಚ್‌ಡ್ಯೂಕ್' ಟ್ರಿಯೊ, ಅದೇ ತಂಡ (1928)
- ಬ್ರಾಮ್ಸ್: ಪಿಟೀಲು ಮತ್ತು ಚೆಲ್ಲೊ ಜೋಡಿ ಕಂಚರ್ಟೊ, ತಿಬೊ ಅವರೊಡನೆ, ನಿರ್ದೇಶನ: ಕೊರ್ತೊ (1929)
- ಬಾಖ್: ಆರು ಚೆಲ್ಲೊ ಸ್ವೀಟ್‌ಗಳು (1936–1939)
- ದ್ವೊರ್ಜಾಕ್: ಚೆಲ್ಲೊ ಕಂಚರ್ಟೊ, ಚೆಕ್ ಫಿಲ್ಹಾರ್ಮೊನಿಕ್, ನಿರ್ದೇಶನ: ಜಾರ್ಜ್ ಸೆಲ್ (1937)
- ಎಲ್ಗರ್: ಚೆಲ್ಲೊ ಕಂಚರ್ಟೊ, ಬಿಬಿಸಿ ಸಿಂಫನಿ, ನಿರ್ದೇಶನ: ಏಡ್ರಿಯನ್ ಬೋಲ್ಟ್ (1945)

ನಿಧನ ಮತ್ತು ಪರಂಪರೆ

ಕಸಾಲ್ಸ್ 22 ಅಕ್ಟೋಬರ್ 1973ರಂದು ಸಾನ್ ಹ್ವಾನ್‌ನಲ್ಲಿ ತಮ್ಮ 96ನೆಯ ವಯಸ್ಸಿನಲ್ಲಿ ನಿಧನರಾದರು. ಫ್ರಾಂಕೊ ಮರಣ ಹೊಂದಿದ್ದು ಎರಡು ವರ್ಷಗಳ ನಂತರ, 1975ರ ನವೆಂಬರ್‌ನಲ್ಲಿ. ಹೀಗಾಗಿ ಪ್ರಜಾಪ್ರಭುತ್ವ ಮರಳಿದ ಸ್ಪೇನ್ ಅನ್ನು ಕಾಣುವ ಅವರ ಬಯಕೆ ಈಡೇರಲಿಲ್ಲ. ಪೋರ್ಟೊ ರಿಕೊದಲ್ಲಿ ಸಮಾಧಿ ಮಾಡಲಾಗಿದ್ದ ಅವರ ಪಾರ್ಥಿವ ಅವಶೇಷಗಳನ್ನು ನವೆಂಬರ್ 1979ರಲ್ಲಿ ಎಲ್ ವೆಂಡ್ರೆಲ್‌ಗೆ ತಂದು ಅಲ್ಲಿನ ರುದ್ರಭೂಮಿಯಲ್ಲಿ ಇರಿಸಲಾಯಿತು.

1963ರಲ್ಲಿ ಅಮೆರಿಕದ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕ, 1971ರಲ್ಲಿ ವಿಶ್ವಸಂಸ್ಥೆಯ ಶಾಂತಿ ಪದಕ ಹಾಗೂ 1989ರಲ್ಲಿ ಮರಣೋತ್ತರವಾಗಿ ಗ್ರಾಮಿ ಜೀವಮಾನ ಸಾಧನೆ ಪ್ರಶಸ್ತಿ ಅವರಿಗೆ ಸಂದಿವೆ. ಎಲ್ ವೆಂಡ್ರೆಲ್ ಸಮೀಪದ ಸಾಂತ್ ಸಾಲ್ವಡೊರ್ ಕಡಲತೀರದಲ್ಲಿ ಅವರು ಕಟ್ಟಿಸಿದ್ದ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ದೇಶ ತೊರೆದ ಮೇಲೆ ಆ ಮನೆಯಲ್ಲಿ ಮತ್ತೆ ನೆಲೆಸಲು ಕಸಾಲ್ಸ್ ಅವರಿಗೆ ಸಾಧ್ಯವಾಗಿರಲಿಲ್ಲ. ಪ್ರಾದ್‌ನಲ್ಲಿ ಅವರ ಹೆಸರಿನ ಸಂಗೀತೋತ್ಸವ ಇಂದಿಗೂ ಪ್ರತಿವರ್ಷ ನಡೆಯುತ್ತಿದೆ.